ಎಷ್ಟು ಅಂಕಣದ ಮನೆ?

ಹರಪನಹಳ್ಳಿ ತಾಲ್ಲೂಕಿನ ತೆಲಿಗಿಯ ಕಡೆ ಹಳೆಯ ಮಾಳಿಗೆ ಮನೆಯ ಅಳತೆ ಕೇಳಿದರೆ ಯಾರೂ ಚದರಡಿ ಹೇಳುವುದಿಲ್ಲ. ‘ಆರಂಕಣದ ಮನೆ’, ‘ಹನ್ನೆರಡಂಕಣದ ಮನೆ’ ಎನ್ನುತ್ತಾರೆ. ಕಂಬದ ನೆತ್ತಿಗೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯಿಂದ ತೊಲೆಗೆ ಜಂತಿ, ಅದರ ಮೇಲೆ ಮಣ್ಣು. ಕಂಬಗಳ ನಡುವಿನ ಆ ಒಂದು ಪಾಲು ಅಂಕಣ. ಮಗನ ಮದುವೆಯಾಯಿತೋ, ಇನ್ನೆರಡು ಅಂಕಣ ಬೆಳೆಸಿದರಾಯಿತು. ಬಡಗಿಗೆ ನಕ್ಷೆ ಬೇಡ, ಲೆಕ್ಕ ಹೇಳಿದರೆ ಸಾಕು. ಪತ್ರಿಕೆಯಲ್ಲಿ ಬರೆಹಕ್ಕೆ ಮೀಸಲಿಟ್ಟ ಜಾಗಕ್ಕೂ ಕನ್ನಡದಲ್ಲಿ ‘ಅಂಕಣ’ ಎಂದೇ ಹೆಸರು. ಈ ಪುಟ ಬರೆಯಲು ಕೂತಾಗಲೆಲ್ಲ ನನಗೆ ಆ ಕಂಬಗಳು ನೆನಪಾಗುತ್ತವೆ.

ಕೂಡಿಸಿ ಕಟ್ಟುವ ಇಂಥ ಬಿಡಿ ಪಾಲಿಗೆ ಈಗ ಎಲ್ಲೆಲ್ಲೂ ಕೇಳಿಬರುವ ಹೆಸರು ‘ಮಾಡ್ಯೂಲ್’. ಆ ಪದದ ಲ್ಯಾಟಿನ್ ಮೂಲಕ್ಕೆ ‘ಪುಟ್ಟ ಅಳತೆ’ ಎಂದು ಅರ್ಥ. ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಕಂಬದ ದಪ್ಪವನ್ನೇ ಅಳತೆಗೋಲು ಮಾಡಿಕೊಂಡ. ನಮ್ಮವರು ಹಿಡಿದದ್ದು ಕಂಬಗಳ ನಡುವಿನ ಬಯಲನ್ನು. ಅದೇ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ಗುಡಿಗೆ ಹೋಗಿ ನೋಡಿ. ಕ್ರಿ.ಶ. 987ರ ಶಾಸನವುಳ್ಳ ಗುಡಿ ಅದು. ಮಂಟಪದೊಳಗೆ ನಿಂತರೆ ಕಲ್ಲಿನಲ್ಲೂ ಅಂಕಣಕ್ಕೆ ಅಂಕಣ ಕೂಡುತ್ತ ಹೋದದ್ದು ಕಣ್ಣಿಗೆ ಕಟ್ಟುತ್ತದೆ.

ಬಿಡಿ ಭಾಗ ಕೂಡಿಸಿ ಕಟ್ಟುವ ಈ ಜಾಣತನಕ್ಕೆ ಹೊಲದಲ್ಲಿ ಸಾಕ್ಷಿ ಬಿತ್ತುವ ಕೂರಿಗೆ. ದಿಂಡು, ತಾಳು, ಕುಡ, ಈಸು, ಮೇಲೊಂದು ಬಟ್ಟಲು. ತಾಳು ಮುರಿದರೆ ತಾಳನ್ನಷ್ಟೇ ಹೊಸದಾಗಿ ಕೂರಿಸುತ್ತಾರೆ, ಕುಡ ಸವೆದರೆ ಕಮ್ಮಾರನ ಕುಲುಮೆಗೆ ಕುಡ ಮಾತ್ರ ಹೋಗುತ್ತದೆ. ಯಾವ ಭಾಗವೂ ಊರಿನ ಕೈಗೆ ಮೀರಿದ್ದಲ್ಲ. ಬ್ಯಾಟರಿಯನ್ನು ಅಂಟಿಸಿಯೇ ಮಾರುವ ಇಂದಿನ ಫೋನಿನ ಎದುರು ಇದನ್ನಿಟ್ಟು ನೋಡಿದರೆ ಎಂಜಿನಿಯರಿಂಗ್‌ನ ಜಾಣತನ ಯಾವ ಕಡೆ ಹೆಚ್ಚಿದೆ ಎಂಬ ಬಗ್ಗೆ ನನಗೆ ಅನುಮಾನವಿಲ್ಲ. ಇನ್ನೊಂದು ಮಾತು: ಒಂದು ಕೂರಿಗೆ ದಿನಕ್ಕೆ ಬಿತ್ತುವಷ್ಟು ನೆಲಕ್ಕೂ ಹಿಂದೆ ‘ಕೂರಿಗೆ’ ಎಂದೇ ಹೆಸರಿತ್ತು. ಉಪಕರಣವೇ ಅಳತೆಯೂ ಆಗಿತ್ತು.

ಆ ಕೂರಿಗೆಯ ಹಿಂದೆ ಸೆಡ್ಡೆ ಎಂಬ ಬಿತ್ತನೆ ಕೊಳವೆ ಕಟ್ಟಿ ಅಕ್ಕಡಿ, ಅಂದರೆ ನಡುನಡುವೆ ಬೇರೆ ಬೆಳೆಯ ಸಾಲು, ಬಿಡುತ್ತಿದ್ದರು. ಆರು ಸಾಲು ಜೋಳಕ್ಕೆ ಒಂದು ಸಾಲು ತೊಗರಿ ಎನ್ನಿ. ನೂರನೆಯ ಸಾಲಿನಲ್ಲಿ ಏನಿದೆ? ನೂರನ್ನು ಏಳರಿಂದ ಭಾಗಿಸಿದರೆ ಉಳಿಯುವುದು ಎರಡು, ಹಾಗಾಗಿ ಜೋಳ. ಶೇಷ ಉಳಿಯದ ಕಡೆ ತೊಗರಿ. 1801ರಲ್ಲಿ ಜರ್ಮನಿಯ ಗಣಿತಜ್ಞ ಗಾಸ್ ಶಾಸ್ತ್ರೀಯ ರೂಪ ಕೊಟ್ಟ ಗಣಿತ ಇದೇ ಶೇಷದ ಗಣಿತ. ಅದಕ್ಕೂ ಸುಮಾರು ಸಾವಿರ ವರ್ಷ ಮೊದಲು, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಒಂದು ಲೆಕ್ಕ ಇಟ್ಟಿದ್ದಾನೆ. ಬಾಳೆಹಣ್ಣಿನ 63 ಸಮ ರಾಶಿ, ಜೊತೆಗೆ ಬಿಡಿಯಾಗಿ 7 ಹಣ್ಣು. 23 ದಾರಿಹೋಕರಿಗೆ ಸರಿಸಮ ಹಂಚಬೇಕು. ರಾಶಿಗೆ ಐದು ಹಣ್ಣಾದರೆ ಒಟ್ಟು 322, ತಲೆಗೆ ಹದಿನಾಲ್ಕು. ಬಿಡಿಯಾಗಿದ್ದ ಆ ಏಳನ್ನು ಬಿಟ್ಟು ನೋಡಿದರೆ ರಾಶಿಗೆ ಐದರ ಈ ಲೆಕ್ಕ ಕೂಡುವುದಿಲ್ಲ.

ಈಗ ಈ ಸೀಮೆಯ ಹೊಲಗಳಲ್ಲಿ ಕಣ್ಣು ಹಾಯಿಸಿದಷ್ಟು ದೂರ ಮೆಕ್ಕೆಜೋಳ. ಸಾಲುಗಳು ಇವೆ, ಅಕ್ಕಡಿ ಇಲ್ಲ. ಒಂದೇ ಬೆಳೆಯ ಸಾಲನ್ನು ಎಷ್ಟು ಸಲ ಇಟ್ಟರೂ ಅದು ಕೂಡಿಕೆಯಾಗುವುದಿಲ್ಲ. ಒಂದು ಸಾಲಿಗೆ ರೋಗ ಬಂದರೆ ತಡೆಯಲು ನಡುವೆ ಬೇರೆ ಜಾತಿಯ ಸಾಲೇ ಇಲ್ಲ ಎಂಬುದು ನನ್ನ ನಿಜವಾದ ಆತಂಕ.

ಮತ್ತೆ ಅಂಕಣದ ಮನೆಗೇ ಬಂದರೆ, ತೆಲಿಗಿಯ ಬಳಿ ನಾನು ಕಂಡ ಒಂದು ಮನೆಯಲ್ಲಿ ಅಣ್ಣತಮ್ಮಂದಿರು ಪಾಲಾಗಿ ಎಂಟು ಅಂಕಣವನ್ನು ನಾಲ್ಕು ನಾಲ್ಕಾಗಿ ಹಂಚಿಕೊಂಡಿದ್ದರು. ನಡುವೆ ಗೋಡೆ ಎದ್ದಿತ್ತು. ಆದರೆ ಎರಡೂ ಕಡೆಯ ತೊಲೆ ಕೂತಿದ್ದು ಅದೇ ನಡುಗಂಬಗಳ ಮೇಲೆ. ಅವನ್ನು ಪಾಲು ಮಾಡಲು ಯಾವ ಪಂಚರಿಗೂ ಆಗಿರಲಿಲ್ಲ. ಒಂದು ಕಂಬದ ಬುಡ ಗೆದ್ದಲು ತಿಂದು ಟೊಳ್ಳಾಗಿತ್ತು. ‘ತಮ್ಮಾ, ನಾ ಒಬ್ಬನ ಕೈಲಿ ಇದನ್ನ ಬಿಚ್ಚಾಕ ಬರಂಗಿಲ್ಲ, ನಿನ್ನ ಮಾಳಿಗೀನೂ ಕೂರತೈತಿ’ ಎಂದ ಅಣ್ಣ. ತಮ್ಮ ಮಾತಾಡಲಿಲ್ಲ. ಒಳಗೆ ಹೋಗಿ, ತೊಲೆಗೆ ಆನಿಸಲು ಎರಡು ಬೇವಿನ ಗಳ ಹೊತ್ತು ತಂದ.