ದರ ಕೇಳುವ ಮೊದಲು ದಾಖಲೆ ಓದಿ

ಬೆಂಗಳೂರಿನಲ್ಲಿ ಮೊದಲ ಸಲ ನಿವೇಶನ ಹುಡುಕುವವರು ಜಾಹೀರಾತಿನ ದರವನ್ನೇ ಮಾರುಕಟ್ಟೆ ಎಂದು ನಂಬುತ್ತಾರೆ. ಅದು ಮಾರುವವರ ನಿರೀಕ್ಷೆಯಷ್ಟೆ. ನಿಜವಾಗಿ ಕೈಬದಲಾದ ಆಸ್ತಿಯ ಗುರುತಿರುವುದು ಉಪನೋಂದಣಾಧಿಕಾರಿ ಕಚೇರಿಯಲ್ಲಿ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುವ ಋಣಭಾರ ಪ್ರಮಾಣಪತ್ರ ಯಾರಿಂದ ಯಾರಿಗೆ, ಯಾವಾಗ, ಎಷ್ಟಕ್ಕೆ ಹೋಯಿತೆಂದು ಹೇಳುತ್ತದೆ. ಕ್ರಯಪತ್ರದಲ್ಲಿ ಮೊತ್ತ ಕಡಿಮೆ ತೋರಿಸುತ್ತಾರಲ್ಲ ಎಂಬ ಆಕ್ಷೇಪ ಸರಿಯೇ. ಮುದ್ರಾಂಕ ಶುಲ್ಕ ಉಳಿಸಲು ಹಾಗೆ ಮಾಡುವವರಿದ್ದಾರೆ. ಆ ಶುಲ್ಕದ ಲೆಕ್ಕಕ್ಕೆ ಸರ್ಕಾರ ನಿಗದಿಪಡಿಸುವ, 2023ರ ಅಕ್ಟೋಬರ್‌ನಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ದರವೂ ಹಲವೆಡೆ ಪೇಟೆಯ ದರಕ್ಕಿಂತ ಕೆಳಗೇ ಇದೆ. ಆದ್ದರಿಂದ ದಾಖಲೆಯ ಮೊತ್ತವನ್ನು ತಳಮಟ್ಟವೆಂದು ಓದಿ, ಪಕ್ಕದಲ್ಲಿ ಅದೇ ಬೀದಿಯ ಮನೆಬಾಡಿಗೆಯನ್ನಿಡಬೇಕು. ಬಾಡಿಗೆ ಜನ ತಿಂಗಳು ತಿಂಗಳು ನಿಜಕ್ಕೂ ಕೊಡುವ ಹಣ. ನಿಂತಲ್ಲೇ ನಿಂತ ಬಾಡಿಗೆಯ ಪಕ್ಕ ನಿವೇಶನದ ದರ ಮಾತ್ರ ಜಿಗಿದಿದ್ದರೆ ಅಲ್ಲಿ ಖರೀದಿಸುವವರು ವಾಸಕ್ಕಿಂತ ಮರುಮಾರಾಟವನ್ನೇ ನಂಬಿರುವ ಸಾಧ್ಯತೆ ಹೆಚ್ಚು. ಇಷ್ಟು ತಿಳಿಯಲು ಕೆಲವು ತಿಂಗಳು ಬೇಕು. ಅಷ್ಟರಲ್ಲಿ ಬೆಲೆ ಏರಿದರೂ, ದಾಖಲೆ ನೋಡದೆ ಅವಸರದಲ್ಲಿ ಖಾತೆ ಸರಿಯಿಲ್ಲದ ಜಾಗಕ್ಕೆ ಮುಂಗಡ ಕೊಟ್ಟ ನಷ್ಟಕ್ಕಿಂತ ಅದು ಚಿಕ್ಕದು.