‘ಸೆಟಲ್ ಆದೆ’ ಅಂತ ಹಾಕೋ ಮುಂಚೆ (ಪರದೇಶದ ಮನಿ, ಭಾಗ 4)

(1/5)
ಜರ್ಮನಿಗೆ ಇಳಿದು ಹತ್ತು ದಿನ ಆಗಿರೂದಿಲ್ಲ, ಒಂದು ಫೋಟೋ ಬರ್ತದ. ಕಿಟಕಿ, ಕಟ್ಟೆ ಮ್ಯಾಲೊಂದು ಕಾಫಿ ಮಗ್, ಹೊರಗ ಟ್ರಾಮು. ಕೆಳಗ ‘ಫೈನಲೀ ಸೆಟಲ್ಡ್’. ಶಿಗ್ಗಾಂವದಾಗ ಡಿಗ್ರಿ ಕೊನೇ ವರ್ಷ ಓದ್ತಿರೋ ನಿಮ್ಮ ಜೂನಿಯರ್ ಅದನ್ನ ಸೇವ್ ಮಾಡ್ಕೊಂತಾನ. ಆ ಕಿಟಕಿ ಯಾರದು, ಆ ರೂಮಿನಲ್ಲಿ ಎಷ್ಟು ಹಾಸಿಗೆ ಹಾಸಿದಾವು, ಅಗ್ರಿಮೆಂಟ್ ಯಾರ ಹೆಸರಲ್ಲಿದೆ, ಯಾವುದೂ ಫ್ರೇಮಿನೊಳಗ ಬರೂದಿಲ್ಲ. ಈ ಕ್ಯಾಪ್ಷನ್ ಸುಳ್ಳು. ಅದರ ಬಿಲ್ಲು ಕಟ್ಟೋದು ಮುಂದಿನ ಬ್ಯಾಚು.

(2/5)
ಲೆಕ್ಕ ನೋಡ್ರಿ. ಸ್ಟೂಡೆಂಟ್ ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷಕ್ಕೆ 11,904 ಯೂರೋ ತೋರಿಸಬೇಕು. 2024ರ ಸೆಪ್ಟೆಂಬರಿನಿಂದ ಇದೇ ಮೊತ್ತ. ತಿಂಗಳಿಗೆ ಕೈಗೆ ಸಿಗೋದು 992. ಅಪ್ಪ ಹೊಲದ ಉತಾರ ಬ್ಯಾಂಕಿಗೆ ಕೊಟ್ಟು ತಂದ ಸಾಲ ಅದು. ಮ್ಯೂನಿಕ್‌ನಂಥ ಊರಿನಾಗ ಅದರ ಬಹುಪಾಲನ್ನ ಒಂದೇ ರೂಮು ನುಂಗ್ತದ. ಹೆಲ್ತ್ ಇನ್ಶೂರೆನ್ಸ್ ಬೇರೆ, ಟಿವಿ ಇರ್ಲಿ ಬಿಡ್ಲಿ ಮನೆಗೊಂದರಂತೆ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ ಬೇರೆ.

ಡಿಪಾಸಿಟ್ ಮಾತಿಗೆ ಬರೋಣ. ಅಲ್ಲಿಯ ಕಾನೂನಿನ ಪ್ರಕಾರ ಮನೆ ಮಾಲೀಕ ಹೆಚ್ಚಂದ್ರ ಮೂರು ತಿಂಗಳ ಬಾಡಿಗೆಯಷ್ಟು ಡಿಪಾಸಿಟ್ ಕೇಳಬಹುದು. ಹೀಟಿಂಗು, ನೀರಿನ ಖರ್ಚು ಆ ಲೆಕ್ಕದಾಗ ಸೇರಂಗಿಲ್ಲ. ಅದನ್ನೂ ಮೂರು ಕಂತಿನಲ್ಲಿ ಕಟ್ಟೋ ಹಕ್ಕು ಬಾಡಿಗೆದಾರನಿಗಿದೆ. ಈ ಒಂದು ಸಾಲನ್ನ ಯಾವ ಸೀನಿಯರ್ ಸ್ಟೋರಿಯಲ್ಲಿ ಹಾಕ್ಯಾನ, ತೋರಿಸ್ರಿ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕೇಳಿ ಬೆಳೆದವರು ನಾವು. ಯಾರು ಎಷ್ಟು ಕೇಳಿದ್ರೂ ‘ಇಲ್ಲೆಲ್ಲಾ ಹಿಂಗ ಇರಬೇಕು’ ಅಂತ ತಲೆಯಾಡಿಸ್ತೇವಿ. ‘ನಾನು ಬೇರೆ ದೇಶದಾಗ ಇದ್ದೇನಿ, ಮೊದಲು ದುಡ್ಡು ಹಾಕು, ಕೀಲಿ ಪೋಸ್ಟಿನಲ್ಲಿ ಕಳಿಸ್ತೇನಿ’ ಅನ್ನೋ ಮಾಲೀಕನನ್ನೂ ಹಂಗ ನಂಬ್ತೇವಿ. ಕೀಲಿ ಬರೂದಿಲ್ಲ. ಅಂಥ ಮನೇನ ಇರೂದಿಲ್ಲ.

(3/5)
ಈಗ ‘ನಮ್ಮ ಅಣ್ಣಂದಿರ’ ಕಥಿ. ಹೊಸ ಮನೆಗೆ ಹೋದ ಎರಡು ವಾರದೊಳಗ ಊರಿನ ಆಫೀಸಿನಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕ ಆನ್‌ಮೆಲ್ಡುಂಗ್ ಅಂತಾರ. ನೀನು ಇಲ್ಲಿ ವಾಸ ಇದ್ದೀ ಅಂತ ಮನೆ ಕೊಟ್ಟವರು ಬರೆದುಕೊಡಬೇಕು. ಟ್ಯಾಕ್ಸ್ ನಂಬರಿನ ಪತ್ರದಿಂದ ಹಿಡಿದು ರೆಸಿಡೆನ್ಸ್ ಪರ್ಮಿಟ್ ತನಕ ಎಲ್ಲಾ ಈ ಒಂದು ಕಾಗದದ ಬೆನ್ನಿಗಿದೆ. ಮಾಲೀಕನಿಗೆ ಹೇಳದೆ ಒಂದು ರೂಮಿಗೆ ಐದು ಮಂದಿಯನ್ನ ತುಂಬಿದ ಅಣ್ಣ ಆ ಕಾಗದ ಕೊಡೋದು ಹ್ಯಾಂಗ? ಕೊಡೂದಿಲ್ಲ. ಆಗ ಇನ್ನೊಬ್ಬ ಅಣ್ಣ ಬರ್ತಾನ, ತಾನು ಮಲಗದ ಮನೆಯ ವಿಳಾಸವನ್ನ ದುಡ್ಡಿಗೆ ಮಾರ್ತಾನ. ಹಿಂಗ ಸುಳ್ಳು ವಿಳಾಸ ಕೊಟ್ಟವರಿಗೆ 50,000 ಯೂರೋವರೆಗೂ ದಂಡ ಹಾಕಲು ಅಲ್ಲಿಯ ನೋಂದಣಿ ಕಾಯ್ದೆಯಲ್ಲಿ ಅವಕಾಶ ಇದೆ.

‘ಪಾಪ, ನಮ್ಮವರೇ, ಜಾಗ ಕೊಟ್ರು’ ಅಂತೀರಿ. ಒಪ್ಪಿದೆ. ಬಂದಿಳಿದ ರಾತ್ರಿ ನೆಲದ ಮ್ಯಾಲೆ ಹಾಸಿಗೆ ಹಾಸಿ, ರೊಟ್ಟಿ-ಶೇಂಗಾಚಟ್ನಿ ಹಂಚಿಕೊಂಡವರ ಋಣ ದೊಡ್ಡದು, ಅವರಿಗೆ ಕೈ ಮುಗೀರಿ. ಆದರ ಅದೇ ನೆಲಕ್ಕ ತಿಂಗಳಾ ಬಾಡಿಗಿ ವಸೂಲು ಮಾಡಿದ್ರ ಅದು ವ್ಯಾಪಾರ. ಉಪಕಾರಕ್ಕ ರಸೀದಿ ಬ್ಯಾಡ, ಬಾಡಿಗೆಗೆ ಬೇಕು. ಕೇಳಿದ್ರ ‘ಊರಿನವನಾಗಿ ಹಿಂಗ ಕೇಳ್ತೀಯಾ’ ಅಂದ್ರ, ಹೌದು, ಊರಿನವನಾಗೇ ಕೇಳ್ತೇನಿ ಅನ್ರಿ.

(4/5)
‘ಕಷ್ಟ ಹೇಳಿದ್ರ ಮನ್ಯಾಗ ಅವ್ವ ಊಟ ಬಿಡ್ತಾಳ’ ಅನ್ನೋ ಮಾತು ಬರ್ತದ. ಅವ್ವಗ ಫಂಗಸ್ ಹಿಡಿದ ಗೋಡೆ ತೋರಿಸಬ್ಯಾಡ್ರಿ, ಸರಿ. ಆದರ ನೀವಿರೋ ನಿಜವಾದ ವಿಳಾಸ, ಜೊತೆಗಿರೋ ಇಬ್ಬರ ನಂಬರು ಮನ್ಯಾಗ ಯಾಕ ಇರಬಾರ್ದು? 2022ರ ಮಾರ್ಚ್ 1ರಂದು ನಮ್ಮದೇ ಹಾವೇರಿ ಜಿಲ್ಲೆ ಚಳಗೇರಿಯ ಮೆಡಿಕಲ್ ವಿದ್ಯಾರ್ಥಿ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ತೀರಿಕೊಂಡ. ಯುದ್ಧದ ಮಾತು ಬೇರೆ, ಬಾಡಿಗೆಯ ಮಾತು ಬೇರೆ, ಎರಡನ್ನೂ ಕಲಸ್ತಿಲ್ಲ. ಆದರ ಅದಾದ ಮ್ಯಾಲೂ ‘ಎಲ್ಲಿ ಅದೀಯಪ್ಪಾ, ಯಾರ ಜೊತಿ ಅದೀ?’ ಅಂತ ಕೇಳೋ ಅಪ್ಪನಿಗೆ ಕಿಟಕಿ ಫೋಟೋ ಕಳಿಸಿ ಸುಮ್ಮನಾಗೋದು ನನಗ ಸರಿ ಕಾಣೂದಿಲ್ಲ.

ಇನ್ನೊಂದು. ಸೋರೋ ಮನಿ ಮ್ಯಾಲೆ ಪದ ಕಟ್ಟಿ ಹಾಡಿದ ಶರೀಫಜ್ಜ ನಮ್ಮ ತಾಲೂಕಿನಾಂವ, ಶಿಶುನಾಳದಾಂವ. (ಆತ ಹೇಳಿದ ಮನಿ ಬ್ಯಾರೆ, ಗೊತ್ತೈತಿ, ಮೇಸ್ಟ್ರಾಗಬ್ಯಾಡ್ರಿ.) ಆತನ ಊರಿನ ಮಕ್ಕಳು ನಾವು, ಗೋಡಿ ಹಸಿ ಹಿಡಿದ್ರ ಆ ಮೂಲೆ ಕ್ರಾಪ್ ಮಾಡಿ ಫೋಟೋ ಹಾಕ್ತೇವಿ.

(5/5)
ಹೊಸ ಬ್ಯಾಚಿನವರ ತರಗತಿ ಹೆಚ್ಚಾಗಿ ಅಕ್ಟೋಬರಿನಲ್ಲಿ ಶುರು. ಎಲ್ಲಾರೂ ಒಂದೇ ಹೊತ್ತಿಗೆ ರೂಮು ಹುಡುಕೋದರಿಂದ ಆ ತಿಂಗಳಿನಷ್ಟು ಕೆಟ್ಟ ತಿಂಗಳಿಲ್ಲ. ಸ್ಟುಡಿಯರೆಂಡನ್‌ವೆರ್ಕ್ ಅನ್ನೋ ವಿದ್ಯಾರ್ಥಿ ಸಂಸ್ಥೆಯ ಹಾಸ್ಟೆಲ್ಲಿಗೆ ಅಡ್ಮಿಶನ್ ಪತ್ರ ಬಂದ ದಿನಾನೇ ಅರ್ಜಿ ಹಾಕ್ರಿ. ಸರದಿ ಉದ್ದ ಇರ್ತದ, ವೀಸಾ ಬರ್ಲಿ ಅಂತ ಕಾಯಬ್ಯಾಡ್ರಿ. ಬರೀ ಖಾಲಿ ಮನೆ ತಗೊಂಡ್ರ ಅಡುಗೆಮನೆಯಲ್ಲಿ ಸಿಂಕ್ ಸಹಿತ ಇರದಿರಬಹುದು, ಹೌಹಾರಬ್ಯಾಡ್ರಿ, ಅಲ್ಲಿ ಅದು ಮಾಮೂಲು.

ಈಗಾಗಲೇ ಅಲ್ಲಿರೋರಿಗೆ ಒಂದೇ ಮಾತು. ಫೋಟೋ ಹಾಕ್ರಿ, ಚಂದ ಹಾಕ್ರಿ. ಕೆಳಗ ನಾಲ್ಕು ಸಂಗತಿ ಬರೀರಿ: ಬಾಡಿಗೆ ಎಷ್ಟು, ಡಿಪಾಸಿಟ್ ಎಷ್ಟು, ಮಂದಿ ಎಷ್ಟು, ವಿಳಾಸ ನೋಂದಣಿ ಆಗ್ತದೋ ಇಲ್ಲೋ. ಬರೆಯಾಕ ನಾಚಿಕೆ ಆಗೋ ಉತ್ತರ ಇದ್ರ, ಆ ರೂಮಿಗೆ ಜೂನಿಯರನ್ನ ಕರೀಬ್ಯಾಡ್ರಿ.

ಭಾಗ 5: ಹೆಲ್ತ್ ಇನ್ಶೂರೆನ್ಸ್.

#ಶಿಗ್ಗಾಂವ #ಹಾವೇರಿ #ಪರದೇಶದಮನಿ