ದಿನಚರಿಯಲ್ಲಿ ಉಳಿದ ಗುಟ್ಟು

ನವಲಗುಂದದ ಹುಡುಗಿಯೊಬ್ಬಳು ವಿದ್ಯಾರ್ಥಿವೇತನದ ಅರ್ಜಿ ತುಂಬಲು ಗಣಕಯಂತ್ರದ ಮುಂದೆ ಕುಳಿತಿದ್ದಾಳೆ ಎನ್ನಿ. ಪಾಸ್‌ವರ್ಡ್ ಒತ್ತಿದರೆ ತೆರೆಯ ಮೇಲೆ ಅಕ್ಷರಗಳ ಬದಲು ಚುಕ್ಕೆಗಳು ಮೂಡುತ್ತವೆ. ಹಿಂದೆ ನಿಂತ ಅಪ್ಪನಿಗೂ ಅದು ಕಾಣದು. ಹಾಗಾದರೆ ಗುಟ್ಟು ಭದ್ರವೇ? ಯಾವಾಗಲೂ ಅಲ್ಲ.

ಪಾಸ್‌ವರ್ಡನ್ನು ಪರಿಶೀಲಿಸುವ ದೂರದ ಗಣಕಯಂತ್ರಕ್ಕೆ ಸರ್ವರ್ ಎಂದು ಹೆಸರು. ಸರಿಯಾಗಿ ರೂಪಿಸಿದ ಸರ್ವರ್ ಪಾಸ್‌ವರ್ಡನ್ನು ಇದ್ದಂತೆಯೇ ಇಟ್ಟುಕೊಳ್ಳುವುದಿಲ್ಲ. ಗಣಿತದ ಸೂತ್ರವೊಂದರಿಂದ ಗುರುತು ಸಿಗದ ಅಕ್ಷರಮಾಲೆಯಾಗಿ ಮಾರ್ಪಡಿಸಿ ಇಡುತ್ತದೆ. ಇದೇ ‘ಹ್ಯಾಶಿಂಗ್’. ಜೋಳ ಬೀಸಿದರೆ ಹಿಟ್ಟು. ಹಿಟ್ಟಿನಿಂದ ಮತ್ತೆ ಕಾಳು ಮಾಡಲಾದೀತೆ? ಇದೂ ಹಾಗೆಯೇ. ಆಕೆ ಮರುದಿನ ಪಾಸ್‌ವರ್ಡ್ ಒತ್ತಿದಾಗ ಅದನ್ನೂ ಬೀಸಿ, ಎರಡು ಹಿಟ್ಟುಗಳನ್ನು ಹೋಲಿಸಿ ನೋಡಲಾಗುತ್ತದೆ.

ಎಡವಟ್ಟಾಗುವುದು ಬೀಸುವ ಮೊದಲು. ಕಚೇರಿಯಲ್ಲಿ ಆವಕ-ಜಾವಕ ಪುಸ್ತಕ ಇರುವಂತೆ ಸರ್ವರಿಗೂ ಒಂದು ದಿನಚರಿ ಇರುತ್ತದೆ. ಅದರ ಹೆಸರು ‘ಲಾಗ್’. ಎಲ್ಲಿಂದ, ಎಷ್ಟು ಹೊತ್ತಿಗೆ, ಯಾವ ಕೋರಿಕೆ ಬಂತು ಎಂಬುದು ಅದರಲ್ಲಿ ದಾಖಲಾಗುತ್ತದೆ. ದೋಷ ಹುಡುಕಲು ಇದು ಬೇಕೇ ಬೇಕು. ಆದರೆ ಪ್ರೋಗ್ರಾಂ ಬರೆದವರು ಮೈಮರೆತು ‘ಬಂದದ್ದೆಲ್ಲವನ್ನೂ ಬರೆದಿಡು’ ಎಂದು ಆದೇಶಿಸಿದರೆ, ಪಾಸ್‌ವರ್ಡೂ ಅಲ್ಲಿ ಇದ್ದಂತೆಯೇ ಸೇರಿಬಿಡುತ್ತದೆ. ಆ ದಿನಚರಿ ಯಾರ ಕೈಗೆ ಸಿಕ್ಕರೂ ಗುಟ್ಟು ರಟ್ಟು. ಬ್ರೌಸರಿನ ಬೀಗದ ಚಿಹ್ನೆ ದಾರಿಯಲ್ಲಿ ಮಾತ್ರ ಕಾಯುತ್ತದೆ. ತಲುಪಿದ ಮೇಲಿನ ಅಜಾಗ್ರತೆಗೆ ಅದು ಹೊಣೆಯಲ್ಲ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. 2018ರ ಮೇ ತಿಂಗಳಲ್ಲಿ ಟ್ವಿಟರ್ ಸಂಸ್ಥೆಯು ಹ್ಯಾಶಿಂಗ್ ಮುಗಿಯುವ ಮೊದಲೇ ಪಾಸ್‌ವರ್ಡುಗಳು ತನ್ನ ಒಳಗಿನ ಲಾಗ್‌ನಲ್ಲಿ ದಾಖಲಾಗುತ್ತಿದ್ದವು ಎಂದು ಒಪ್ಪಿಕೊಂಡಿತು. ದುರುಪಯೋಗದ ಕುರುಹು ಕಂಡಿಲ್ಲವೆಂದರೂ, ತನ್ನ ಸುಮಾರು 33 ಕೋಟಿ ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸುವ ಸಲಹೆ ನೀಡಿತು. 2019ರಲ್ಲಿ ಫೇಸ್‌ಬುಕ್ಕಿನಲ್ಲೂ ಕೋಟ್ಯಂತರ ಪಾಸ್‌ವರ್ಡುಗಳು ಓದಬಲ್ಲ ರೂಪದಲ್ಲಿ ಉಳಿದಿದ್ದುದು ಬಯಲಾಯಿತು. ಅದಕ್ಕಾಗಿ ಐರ್ಲೆಂಡಿನ ದತ್ತಾಂಶ ರಕ್ಷಣಾ ಆಯೋಗವು 2024ರಲ್ಲಿ ಅದರ ಮಾತೃಸಂಸ್ಥೆ ಮೆಟಾಗೆ 9.1 ಕೋಟಿ ಯೂರೋ ದಂಡ ವಿಧಿಸಿತು.

ಸರ್ವರಿನ ಒಳಗೆ ನಡೆಯುವುದು ನವಲಗುಂದದ ಆ ಹುಡುಗಿಗೆ ಕಾಣದು. ಆದರೂ ಆಕೆಯ ಕೈಯಲ್ಲಿ ಕೆಲವು ಉಪಾಯಗಳಿವೆ. ಅರ್ಜಿಗೊಂದು, ಅಂಚೆಗೊಂದು, ಬ್ಯಾಂಕಿಗೊಂದು ಬೇರೆ ಬೇರೆ ಪಾಸ್‌ವರ್ಡ್ ಇರಲಿ. ಮನೆಗೂ ತಿಜೋರಿಗೂ ಒಂದೇ ಕೀಲಿಕೈ ಇಡುವವರುಂಟೆ? ಫೋನಿಗೆ ಬರುವ ಓಟಿಪಿಯಂಥ ಎರಡನೆಯ ಕಾವಲು ಸಿಗುವಲ್ಲಿ ಅದನ್ನು ಹಾಕಿಕೊಳ್ಳಬೇಕು. ಆ ಸಂಖ್ಯೆಯನ್ನು ಯಾರಿಗೂ ಹೇಳಬಾರದು. ಪಾಸ್‌ವರ್ಡ್ ಬದಲಿಸಿ ಎಂಬ ಸೂಚನೆ ಬಂದರೆ ಅದರಲ್ಲಿರುವ ಕೊಂಡಿ ಒತ್ತದೆ, ನೇರವಾಗಿ ಆ ತಾಣಕ್ಕೇ ಹೋಗಿ ಬದಲಿಸಬೇಕು. ಪಾಲಕರು ಈ ಮೂರನ್ನು ಮಕ್ಕಳ ಜೊತೆ ಕುಳಿತು ಒಮ್ಮೆ ಮಾಡಿ ನೋಡಲಿ.

ನಾಳೆ ಪ್ರೋಗ್ರಾಂ ಬರೆಯಲಿರುವ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು: ಯಾರೋ ಬಂದರು ಎಂಬುದನ್ನು ದಿನಚರಿ ಬರೆಯಲಿ, ಅವರು ತಂದ ಗುಟ್ಟನ್ನಲ್ಲ.